ಉಬ್ಬು

ಕುರಾತಾ ಎಂದು ಅವರ ಹೆಸರು.
ಕ್ಯಾಂಟೀನಿನ ಹುಡುಗರ ಬಾಯಲ್ಲಿ ಕುರ್ತಾ ಸಾರ್.
ಜಪಾನಿನಿಂದ ವೇಮಗಲ್ಲಿನ ಫ್ಯಾಕ್ಟರಿಗೆ
ಬ್ರೇಕು ಪರೀಕ್ಷೆ ಮಾಡಲು ಬಂದವರು.
ನಾನು ಅವರ ಡ್ರೈವರು, ಚೌಡರೆಡ್ಡಿ.
ಹಿಂದಿನ ಸೀಟಿಗೂ ಬೆಲ್ಟಿರುತ್ತದೆಂದು
ನಲವತ್ತೊಂದನೇ ವಯಸ್ಸಿಗೆ ಕಲಿತವನು.
ಸಂದಿಯಲ್ಲಿ ಹೂತಿದ್ದ ಅದನ್ನು ಎಳೆದ ದಿನ
ಜೊತೆಗೇ ಬಂದವು
ಕಡಲೆಕಾಯಿ ಸಿಪ್ಪೆ, ಒಂದು ಹೇರ್‌ಪಿನ್ನು,
ಯಾರದೋ ಮದುವೆಯ ಅಕ್ಷತೆ.

ಟೇಕಲ್ ಕ್ರಾಸಿನ ಸಿಗ್ನಲ್ಲಿಗೆ
ಇಡೀ ಕೋಲಾರದಲ್ಲಿ ನಾವೊಬ್ಬರೇ ನಿಂತೆವು.
ಹಿಂದೆ ಟೊಮೆಟೊ ಟೆಂಪೊಗಳ ಮಂಗಳಾರತಿ.
"ಕೆಂಪು" ಅಂದರು.
"ಕೆಂಪೇ ಸಾರ್, ಆದರೆ ಪೊಲೀಸಿಲ್ಲ" ಅಂದೆ.
ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು,
ಗಾಜಿನ ಮೇಲೆ ಹನಿ ಇಳಿದ ಹಾಗೆ
ಮೇಲಿಂದ ಕೆಳಗೆ ಅಕ್ಷರ.

ಅವರು ಕಲಿತ ಕನ್ನಡ ಮೂರು ಮಾತು:
ನಿಧಾನ, ಸಾಕು, ಹೋಗ್ಲಿ ಬಿಡಿ.
ಕೊನೆಯದರ ಅರ್ಥ ಕೇಳಿದಾಗ ತಡವರಿಸಿದೆ.
ಕನ್ನಡಿ ಒಡೆದಾಗಲೂ ಅದೇ, ಕಾಲು ಮುರಿದಾಗಲೂ ಅದೇ,
ಡಿಕ್ಕಿ ಹೊಡೆದವನೇ ಹೇಳಿದರೂ ನಡೆಯುತ್ತದೆ.
ಒನ್‌ವೇಯಲ್ಲಿ ಎದುರು ಬಂದವನೊಬ್ಬ
ಲೈಟು ಮಿನುಗಿಸಿ ನಮಗೇ ಬುದ್ಧಿ ಹೇಳಿದ ದಿನ
ಮೊದಲ ಸಲ ಪ್ರಯೋಗಿಸಿದರು. ಉಚ್ಚಾರ ಸರಿಯಾಗಿತ್ತು.

ತಿಂಗಳ ಕೊನೆಯ ವಾರ ಬಂದರೆ
ಹೊಂಗೆ ಮರದ ನೆರಳಿಗೆ ಕಾನೂನು ಬರುತ್ತದೆ.
ಜೊತೆಗೊಂದು ಪ್ಲಾಸ್ಟಿಕ್ ಕುರ್ಚಿ, ರಸೀತಿ ಮಿಷನ್ನು.
ಅರ್ಧ ಫರ್ಲಾಂಗು ಈಚೆಗೆ ಟೀ ಅಂಗಡಿಯ ಬೈಯಣ್ಣ
ಹತ್ತು ರೂಪಾಯಿಗೆ ಹೆಲ್ಮೆಟ್ಟು ಬಾಡಿಗೆ ಕೊಡುತ್ತಾನೆ.
ಅರ್ಧ ಫರ್ಲಾಂಗು ಆಚೆಗೆ ಅವನ ಬಾಮೈದ
ಬಿಚ್ಚಿಸಿಕೊಂಡು, ಬೆವರೊರೆಸಿ,
ಗೋಣಿಚೀಲದಲ್ಲಿ ಹಿಂದಕ್ಕೆ ಕಳಿಸುತ್ತಾನೆ.
ಸಾಹೇಬರು ಗಡಿಯಾರ ಹಿಡಿದು ಮೂರು ಸುತ್ತು ನೋಡಿ
"ನಮ್ಮ ಫ್ಯಾಕ್ಟರಿಯಲ್ಲೂ ಇಷ್ಟು ಚುರುಕಿಲ್ಲ" ಅಂದರು.
ಹೊಗಳಿದ್ದೋ ಬೈದದ್ದೋ ನಾನು ಕೇಳಲಿಲ್ಲ.
ಹವಾಲ್ದಾರ್ ಜಬೀವುಲ್ಲಾ ಬಂದು ಕಿಟಕಿಗೆ ಬಗ್ಗಿ
"ಇವತ್ತಿಗೆ ಇಪ್ಪತ್ತು ಕೇಸಾಗಬೇಕು, ಹದಿನೆಂಟಾಗಿದೆ,
ನಿಮ್ಮದೇನಾದರೂ ತಪ್ಪಿದೆಯಾ?" ಎಂದು
ಪ್ರೀತಿಯಿಂದಲೇ ವಿಚಾರಿಸಿದರು.
ಇರಲಿಲ್ಲ. ಎಲ್ಲರಿಗೂ ಬೇಜಾರಾಯಿತು.

ಆಮೇಲೆ ಆ ಭಾನುವಾರ.
ಶ್ರೀನಿವಾಸಪುರದ ರಸ್ತೆ, ಎರಡೂ ಕಡೆ ಮಾವಿನ ತೋಪು.
ಮೊದಲ ಉಬ್ಬಿಗೇ ಕಾರಿನ ಹೊಟ್ಟೆ ಉಜ್ಜಿತು.
ಇಳಿದರು. ಜೇಬಿನಿಂದ ಟೇಪು ತೆಗೆದು
ಮಂಡಿಯೂರಿ ಅಳೆದರು.
ಪುಸ್ತಕದ ಪ್ರಕಾರ ಹತ್ತು ಸೆಂಟಿಮೀಟರು, ಇದು ಹತ್ತೊಂಬತ್ತು.
ಬಿಳಿ ಪಟ್ಟೆಯಿಲ್ಲ. ಬೋರ್ಡಿಲ್ಲ.
"ಇದಕ್ಕೆ ಯಾರ ಪರ್ಮಿಷನ್?"

ಯಾರದೆಂದು ಹೇಳಲಿ.
"ಆ ತಗಡಿನ ಮನೆಯ ಹುಡುಗಿಯದು, ಸಾರ್.
ಆರನೇ ಕ್ಲಾಸು. ಕೊಡ ಹಿಡಿದು ದಾಟುತ್ತಿದ್ದಳು.
ಮೂರು ಗಂಟೆ ರಸ್ತೆ ತಡೆದರು.
ತಹಸೀಲ್ದಾರರು ಆಗಲಿ ಅಂದು ಹೋದರು.
ಅದೇ ರಾತ್ರಿ ಊರವರೇ ಒಂದು ಟ್ರ್ಯಾಕ್ಟರು ಜಲ್ಲಿ ತಂದು,
ಎಲ್ಲಿಂದಲೋ ಕದ್ದ ಡಾಂಬರು ಕಾಯಿಸಿ..."
"ಮುಂದಿನದು?"
"ಡೇರಿ ಪಿಳ್ಳಪ್ಪ. ಕ್ಯಾನುಗಳ ಸಮೇತ."
"ಅದರಾಚೆಯದು?"
"ಅದು ಹಳೇದು, ಸಾರ್. ಸವೆದುಹೋಗಿದೆ. ಯಾರೋ."

ಅಲ್ಲಿಂದಾಚೆ ಪ್ರತಿ ಉಬ್ಬಿಗೂ
ಅವರ ತಲೆ ಬಗ್ಗುತ್ತಿತ್ತು.
ಕುಲುಕಾಟವೋ ನಮಸ್ಕಾರವೋ
ಕನ್ನಡಿಯಲ್ಲಿ ತಿಳಿಯಲಿಲ್ಲ.
ಊರು ಮುಟ್ಟಿದ ಮೇಲೆ ಅಂದರು:
"ನಮ್ಮಲ್ಲೂ ಹೀಗೇ, ರೆಡ್ಡಿ ಸಾನ್,
ಯಾರಾದರೂ ಹೋದ ಮೇಲೆಯೇ ಬರೆದದ್ದು.
ನಮ್ಮದು ಕಾಗದದಲ್ಲಿದೆ, ಅಷ್ಟೆ."

ಅವರು ವಾಪಸ್ಸು ಹೋಗಿ ಎಂಟು ತಿಂಗಳು.
ಹೋದ ವಾರ ಮಂತ್ರಿಗಳು ಬರುತ್ತಾರೆಂದು
ಇಪ್ಪತ್ಮೂರು ಉಬ್ಬುಗಳನ್ನು
ಒಂದೇ ರಾತ್ರಿಯಲ್ಲಿ ಕೆತ್ತಿ ತೆಗೆದರು.
ರಸ್ತೆ ಈಗ ಬೆಣ್ಣೆ. ಎಪ್ಪತ್ತು, ಎಂಬತ್ತು.
ತಗಡಿನ ಮನೆ ಬಂತು.
ನನ್ನ ಕಾಲು ನನ್ನನ್ನು ಕೇಳದೆ ಬ್ರೇಕು ಒತ್ತಿತು.
ಹಿಂದಿನ ಬೈಕಿನವನು ಕೂದಲೆಳೆಯಲ್ಲಿ ಉಳಿದುಕೊಂಡ.
ಹೆಲ್ಮೆಟ್ಟು ಮೊಣಕೈಯಲ್ಲಿ ನೇತಾಡುತ್ತಿತ್ತು.
ಗಾಜು ಬಡಿದು ಕೇಳಿದ:
"ಯೋವ್, ಇಲ್ಲೇನೈತೆ ಅಂತ ನಿಲ್ಸ್ದೆ?"

ತೋರಿಸೋಣವೆಂದು ಇಳಿದೆ.
ಡಾಂಬರು ನುಣ್ಣಗಿತ್ತು.