ಗ್ಲಾಸು ಬೇಡ

ಬೋಳಾರದ ತಿರುವಿನಲ್ಲಿ, ಹೊಗೆ ನಿಂತುಹೋದ
ಹೆಂಚಿನ ಕಾರ್ಖಾನೆಯ ಕೊಳವೆಗೆದುರು ನನ್ನ ಅಂಗಡಿ.
ಮೂವತ್ತೊಂದು ವರ್ಷ ದೇವರಿಗೂ ಸತ್ತವರಿಗೂ
ಒಂದೇ ದರದಲ್ಲಿ ಕಟ್ಟು ಹಾಕಿದ್ದೇನೆ.
ದೇವರಿಗೆ ಚಿನ್ನದ ಪಟ್ಟಿ, ಸತ್ತವರಿಗೆ ಕಪ್ಪು.
ಇಷ್ಟು ಗೊತ್ತಿದ್ದರೆ ಸಾಕಿತ್ತು.

ಈಗ ಬರುವ ಮಕ್ಕಳು ಬೇರೆ ನಮೂನೆ.
ಬಂದರಿನ ಅಫ್ವಾನ್ ಬಿಸ್ಕಿಟ್ ಡಬ್ಬದಲ್ಲಿ ತರುತ್ತಾನೆ
ಹಳೆ ಬೋಟಿನ ಒಡಲಿನಿಂದ ಕೆರೆದ ಬಣ್ಣದ ಹಕ್ಕಳೆ:
ನೀಲಿಯಡಿ ಹಸಿರು, ಹಸಿರಿನಡಿ ಕಾವಿ,
ಬೋಟು ಎಷ್ಟು ಕೈ ಬದಲಿಸಿತೋ ಅಷ್ಟು ಬಣ್ಣ.
"ಅಂಚು ಕಾಣುವ ಹಾಗೆ ಕೂರಿಸಿ" ಅನ್ನುತ್ತಾನೆ.
ಅಂಚು ಮುಚ್ಚುವುದೇ ನನ್ನ ಕಸುಬು ಮಾರಾಯ, ಅಂದೆ.
ನಕ್ಕ. ಮುಂಗಡ ಕೊಟ್ಟ. ಬಾಕಿ ಇನ್ನೂ ಉಂಟು.

ಜಾಯ್ಸನ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಲಿಫ್ಟಿನವ.
ಮೇಲೆ ಹೋಗುವವರ ಪಾದ ಮಾತ್ರ ಬರೆಯುತ್ತಾನೆ,
ಔಷಧಿ ಚೀಟಿಯ ಹಿಂಬದಿಯಲ್ಲಿ.
ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು.
ಮುಖ ಯಾಕಿಲ್ಲ?
"ಮುಖವನ್ನು ಅವರೇ ಸರಿ ಮಾಡಿಕೊಳ್ತಾರೆ,
ಪಾದ ಮರೆತುಹೋಗ್ತದೆ" ಅಂದ.

ಮತ್ತೆ ನಿಶ್ಮಿತಾ. ವಾರಿಜಕ್ಕನ ಮಗಳು.
ಹದಿನೇಳು ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದಳು,
ಒಂದೊಂದರ ನಡುವೆ ಒಂದು ಕಂದು ಮುದ್ರೆ,
ಅಂಚಿಗೆ ಹಳದಿ ಹಬ್ಬಿದೆ, ಒಳಗೆ ಏನೂ ಇಲ್ಲ.
ಇದೆಂತ, ಎಣ್ಣೆಯ ಕಲೆಯಾ? ಅಂದೆ.
"ಹೌದು, ಕಲೆಯೇ" ಅಂದಳು.
ಎರಡರಲ್ಲಿ ಯಾವುದು ಅಂತ ನಾನು ಕೇಳಲಿಲ್ಲ.

ಗೇರುಬೀಜದ ಸಿಪ್ಪೆಯ ಎಣ್ಣೆ ಅದು.
ಇಪ್ಪತ್ತಾರು ವರ್ಷ ಬೀಜ ಒಡೆದ ಕೈಯಿಂದ
ಒಂದೊಂದೇ ಗೆರೆ ತಿಂದುಕೊಂಡು ಹೋದದ್ದು.
ಒಂದು ದಿನ ರೇಷನ್ ಅಂಗಡಿಯ ಯಂತ್ರಕ್ಕೆ
ವಾರಿಜಕ್ಕನ ಗುರುತು ಸಿಗಲಿಲ್ಲ.
ಸೆರಗಿಗೆ ಒರೆಸಿ ಒತ್ತಿದರು, ತಲೆಗೂದಲಿಗೆ ತಿಕ್ಕಿ ಒತ್ತಿದರು,
ಎಡಗೈ, ಬಲಗೈ, ಉಗುಳು ಹಚ್ಚಿ ಒಮ್ಮೆ.
ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು.
ಮಗಳು ಪಕ್ಕದಲ್ಲಿ ಚೀಲ ಹಿಡಿದು ನಿಂತು
ಲೆಕ್ಕ ಮಾಡುತ್ತಿದ್ದಳು: ಹದಿನೇಳು.

ಆ ವಾರವೇ ಪೇಟೆಗೆ ಹೋಗಿ ಕಾಗದ ತಂದಳಂತೆ.

ಯಾಕೆ ಮಾಡ್ತಿ ಇದನ್ನೆಲ್ಲ? ಕೇಳಬೇಕೆಂದಿದ್ದೆ.
ಅಳತೆಪಟ್ಟಿಯ ಆಚೆ ತುದಿ ಹಿಡಿದಿದ್ದಳು,
ಅವಳ ಹೆಬ್ಬೆರಳು ಬೊಕ್ಕೆ ಎದ್ದು ಒಡೆದಿತ್ತು,
ತುದಿಯಲ್ಲಿ ಹೊಸ ಚರ್ಮ, ನುಣ್ಣಗೆ.
ಮುದ್ರೆ ಒತ್ತಿದ್ದು ಯಾರೆಂದು ಗೊತ್ತಾಯಿತು.
ನಾನು ಅಳತೆ ಬರೆದುಕೊಂಡೆ.

ಗ್ಲಾಸು ಕತ್ತರಿಸಿ ಇಟ್ಟ ಮೇಲೆ ಬಂದು
"ಗ್ಲಾಸು ಬೇಡ" ಅಂದಳು. "ವಾಸನೆ ಬರಬೇಕು."
ಧೂಳು ಕೂರ್ತದೆ, ಜಿರಳೆ ತಿಂತದೆ ಅಂದೆ.
"ತಿನ್ನಲಿ."

ಕೊಡಿಯಾಲ್‌ಬೈಲಿನ ಪ್ರದರ್ಶನಕ್ಕೆ ಇಸ್ತ್ರಿ ಶರ್ಟಲ್ಲಿ ಹೋದೆ.
ಗಡ್ಡದವರೊಬ್ಬರು ಅಸ್ಮಿತೆ ಅಂದರು, ಅನುಪಸ್ಥಿತಿ ಅಂದರು,
ನಾನು ಮೂಲೆ ಕೂಡಿದ್ದು ಸರಿ ಇದೆಯಾ ನೋಡುತ್ತಿದ್ದೆ.
ವಾರಿಜಕ್ಕ ಒಂಬತ್ತನೆಯದರ ಎದುರು ನಿಂತು
ಮೂಗು ಹತ್ತಿರ ತಂದು ಮೂಸಿದರು.
ಆಮೇಲೆ ತುಳುವಿನಲ್ಲಿ, ಇಡೀ ಹಾಲಿಗೆ ಕೇಳುವಂತೆ,
ಇದು ಸರಿ ಹುರಿಯದ ಬೀಜದ ಎಣ್ಣೆ,
ಇದನ್ನು ಮುಟ್ಟಬಾರದು ಅಂತ ಹೇಳಿರಲಿಲ್ಲವಾ,
ಕೈ ತೋರಿಸು, ಅಂದರು.

ನಿಶ್ಮಿತಾ ಕೈ ಹಿಂದೆ ಕಟ್ಟಿಕೊಂಡಳು,
ಎರಡನೇ ಕ್ಲಾಸಿನ ಹುಡುಗಿಯ ಹಾಗೆ.
ಗಡ್ಡದವರು ಚಪ್ಪಾಳೆ ತಟ್ಟಿದರು,
ಇದೂ ಅದರದ್ದೇ ಭಾಗ ಅಂದುಕೊಂಡಿರಬೇಕು.

ಕತ್ತರಿಸಿಟ್ಟ ಹದಿನೇಳು ಗ್ಲಾಸು
ಅಂಗಡಿಯ ಗೋಡೆಗೆ ಒರಗಿಕೊಂಡೇ ಇವೆ.
ಆ ಅಳತೆಯ ದೇವರೂ ಬರುವುದಿಲ್ಲ, ಸತ್ತವರೂ ಇಲ್ಲ.
ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಬಿದ್ದಾಗ
ಪ್ರತಿಯೊಂದರ ಮೂಲೆಯಲ್ಲೂ ನನ್ನ ಹೆಬ್ಬೆಟ್ಟು ಕಾಣುತ್ತದೆ,
ಸುಳಿ ಸುಳಿಯಾಗಿ, ಒಂದು ಗೆರೆಯೂ ತಪ್ಪದೆ.

ಒರೆಸಬೇಕು.
ಬಟ್ಟೆ ಕೈಯಲ್ಲೇ ಉಂಟು.