ರಟ್ಟಿನ ಮೇಲಿನ ಜಗಲಿ

ಐವತ್ತೆರಡು ವರ್ಷ ಅದು ಅಡುಗೆಮನೆಯ ಗೋಡೆಯಲ್ಲಿ
ಒಂದೇ ಮೊಳೆಗೆ ತೂಗಿತ್ತು.
ಬಂದವರಿಗೆಲ್ಲ ತೋರಿಸುತ್ತಿದ್ದೆವು: ನೋಡಿ, ನಮ್ಮ ಜಗಲಿ.
ಇದು ಅಮ್ಮನ ತೊಟ್ಟಿ, ಇದು ಮುರಿದ ಮೆಟ್ಟಿಲು,
ಇದು ಸಾರ್ಜ್, ನಮ್ಮ ನಾಯಿ,
ಕ್ಯಾಮೆರಾಕ್ಕೆ ಬೆನ್ನು ಹಾಕಿ ಮಲಗಿದ್ದಾನೆ.
ಮೆಟ್ಟಿಲ ಮೇಲೆ ಕೂತ ಐವರು ಗಡ್ಡದವರ ಬಗ್ಗೆ
ಹೇಳಲು ನಮಗೆ ಹೆಚ್ಚೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಬಂದಿದ್ದರು, ಕೆಟ್ಟ ವ್ಯಾನಿನಲ್ಲಿ,
ಒಜಾರ್ಕ್ ಬೆಟ್ಟದ ಸುಣ್ಣದ ಧೂಳು ಮೆತ್ತಿಕೊಂಡು.
ಅಪ್ಪನ ಕೈಗೆ ಇಪ್ಪತ್ತು ಡಾಲರ್ ಇಟ್ಟರು,
ಅಮ್ಮ ಸಂಜೆಗೆಂದು ಮಾಡಿಟ್ಟ ಜೋಳದ ಬ್ರೆಡ್ಡು
ಪೂರ್ತಿ ತಿಂದರು.
ಒಬ್ಬ ನನ್ನ ಹೆಸರು ಕೇಳಿದ. ಆರ್ಡಿತ್ ಅಂದೆ.
ಹನ್ನೊಂದು ವರ್ಷ ನನಗೆ, ಎರಡು ಹಲ್ಲು ಇರಲಿಲ್ಲ.
ಮರುವರ್ಷ ಟಪಾಲಿನಲ್ಲಿ ರೆಕಾರ್ಡು ಬಂತು.
ಮನೆಯಲ್ಲಿ ಪ್ಲೇಯರ್ ಇರಲಿಲ್ಲ.
ಮೊಳೆ ಇತ್ತು.

ಮೊನ್ನೆ ಪಕ್ಕದ ಹೊಲದವರ ಹುಡುಗಿ ಟೆಸ್
ಎಲ್ಲಿಂದಲೋ ಒಂದು ಪ್ಲೇಯರ್ ತಂದಳು,
ಟ್ರಕ್ಕಿನ ಮುಂದಿನ ಸೀಟಿನಲ್ಲಿ
ಮಗುವಿಗೆ ಹಾಕುವ ಹಾಗೆ ಬೆಲ್ಟು ಹಾಕಿ.
ಮೊಳೆ ರಟ್ಟಿನ ಮೂಲೆಯನ್ನಷ್ಟೇ ತೂರಿತ್ತು, ಪುಣ್ಯ.
ಒಲೆಯ ಬಿಸಿಗೆ ತಟ್ಟೆ ತುಸು ಬಾಗಿತ್ತು
ಅಪ್ಪನ ಟೋಪಿಯ ಅಂಚಿನಂತೆ;
ಮುಳ್ಳು ಅದರ ಮೇಲೆ ಏರಿತು, ಇಳಿಯಿತು, ಏರಿತು.

ಮೊದಲು ಬರೀ ಚಟಪಟ. ಬಾಣಲೆಯಲ್ಲಿ ಕೊಬ್ಬು ಕಾದ ಹಾಗೆ.
ಇಷ್ಟೇನಾ? ಅಂದೆ.
ಸ್ವಲ್ಪ ತಾಳಿ, ಅಂದಳು.

ಆಮೇಲೆ ಡ್ರಮ್ಮು. ಅಯ್ಯೋ, ಆ ಡ್ರಮ್ಮು!
ಬೀಳಬೇಕಾದಲ್ಲಿ ಬೀಳದೆ, ಒಂದು ಕೂದಲೆಳೆ ತಡವಾಗಿ,
ಎಡಗಾಲು ಎಳೆಯುತ್ತ ಕೊಟ್ಟಿಗೆಯಿಂದ ಬರುತ್ತಿದ್ದ
ಅಪ್ಪನ ನಡಿಗೆ. ಕೊರಿಯಾದಿಂದ ತಂದ ಕಾಲು ಅದು.
ಆರ್ಗನ್ನು ಚರ್ಚಿನದೇ, ಆದರೆ
ಉಪದೇಶದ ನಡುವೆ ಹಿಂಬಾಗಿಲಿಂದ ಓಡಿಬಂದದ್ದು.
ಮೂವರು ಹಾಡುತ್ತಾರೆ, ಒಟ್ಟಿಗೆ ಯಾರೂ ಬಾಯಿ ತೆರೆಯರು;
ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹಿಡಿಯುತ್ತಾನೆ,
ಹುಲ್ಲಿನ ಪಿಂಡಿ ಗಾಡಿಗೆ ಎಸೆಯುವಾಗ
ನಾನೂ ಅಣ್ಣಂದಿರೂ ಮಾಡುತ್ತಿದ್ದಂತೆ.
ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ,
ನನ್ನ ಕಾಲ್ಬೆರಳು ನನ್ನ ಕೇಳದೆ ಕುಣಿಯಿತು.

ಆದರೆ ಟೆಸ್‌ಗೆ ಹೇಳದ ಒಂದು ಮಾತಿದೆ.
ಇಷ್ಟು ವರ್ಷ ಪಾತ್ರೆ ತೊಳೆಯುತ್ತ, ಅವರನ್ನೇ ನೋಡುತ್ತ
ನಾನೇ ಅವರಿಗೆ ಹಾಡು ಕಟ್ಟಿಕೊಟ್ಟಿದ್ದೆ.
ತೆಳ್ಳಗಿನವನಿಗೆ ಬಾವಿಯಂಥ ದನಿ,
ಟೋಪಿಯವನಿಗೆ ಪಿಟೀಲು. ಅಮ್ಮ ಸತ್ತ ವಾರ
ಹೆಸರು ಕೇಳಿದವನು ರಾತ್ರಿಯೆಲ್ಲ ಹಾಡಿದ್ದ,
ಎದ್ದು ಒಲೆ ಹಚ್ಚುವವರೆಗೆ.
ಈಗ ನೋಡಿದರೆ ಟೋಪಿಯವನು ಬಾರಿಸುವುದು ಪಿಯಾನೊ,
ತೆಳ್ಳಗಿನವನದು ತಗಡಿನ ದನಿ,
ಹೆಸರು ಕೇಳಿದವನು ಹಾಡುವುದೇ ಇಲ್ಲ.

ಎರಡನೇ ಬದಿಯಲ್ಲಿ, ಹಾಡು ಮುಗಿದು
ಇನ್ನೊಂದು ಶುರುವಾಗುವ ಸಂದಿನಲ್ಲಿ
ದೂರದಲ್ಲೆಲ್ಲೋ ಒಂದು ನಾಯಿ.
ಸಾರ್ಜ್! ಎಂದು ಟೆಸ್ ಕುರ್ಚಿಯಿಂದ ಎದ್ದೇ ಬಿಟ್ಟಳು.
ಅಲ್ಲಮ್ಮ, ಅಂದೆ. ಸಾರ್ಜ್ ಬೊಗಳುತ್ತಿರಲಿಲ್ಲ,
ಕೆಮ್ಮುತ್ತಿದ್ದ.
ಅವಳಿಗೆ ಬೇಸರವಾಯಿತು. ಇದ್ದದ್ದು ಇದ್ದ ಹಾಗೆ
ಹೇಳುವುದೊಂದು ಕೆಟ್ಟ ಚಾಳಿ ನನಗೆ.

ಹೋಗುವಾಗ ಕೇಳಿದಳು, ಮತ್ತೆ ಗೋಡೆಗೆ ಹಾಕಲೇ?
ಬೇಡ, ಮೇಜಿನ ಮೇಲಿರಲಿ.
ಗೋಡೆಯಲ್ಲಿ ಒಂದು ಚೌಕ ಉಳಿದಿದೆ,
ಹೊಗೆ ಮುಟ್ಟದ ಹಳದಿ. ಈ ಮನೆಗೆ ಇಷ್ಟು ಹಳದಿ
ಬಳಿದಿದ್ದರೆಂಬುದೇ ಮರೆತುಹೋಗಿತ್ತು.

ರಾತ್ರಿ ತಟ್ಟೆ ತೊಳೆಯುತ್ತ ನನ್ನ ಹಾಡುಗಳನ್ನು ಕರೆದೆ.
ಒಂದೂ ಬರಲಿಲ್ಲ.
ಬಂದದ್ದು ಆ ಕುಂಟು ಡ್ರಮ್ಮು, ಕೊಟ್ಟಿಗೆಯ ಕಡೆಯಿಂದ,
ಯಾವ ಅವಸರವೂ ಇಲ್ಲದೆ.
ಕೈ ಒರೆಸಿಕೊಂಡು ಫೋನು ಮಾಡಿದೆ:
ಟೆಸ್, ಆ ಪ್ಲೇಯರ್ ಇಲ್ಲೇ ಇರಲಿ,
ಈ ವಾರ ನಿನಗೇನೂ ಬೇಕಾಗಿಲ್ಲ ತಾನೆ?