ಮೂರನೆಯ ಗಾಜು

ತೆಮೂಕೊ ಆಸ್ಪತ್ರೆಯ ನೆಲಮಾಳಿಗೆ. ಜುಲೈ ಚಳಿ.
ಫಾರ್ಮಲಿನ್ ಡಬ್ಬಿಯ ಮೇಲೆ ಪೆನ್ಸಿಲಲ್ಲಿ:
ಎದುವಿನಾ ಕೊಲಿಪಾನ್, ಐವತ್ತೆಂಟು.
ಸರದಿಯಲ್ಲಿ ಕಾದದ್ದು ಮೂರು ವರ್ಷ, ನಾಲ್ಕು ತಿಂಗಳು.

ಕತ್ತರಿ ಆಡಿಸಿದೆ. ಪಿತ್ತದ ಚೀಲ ಬಾಯ್ಬಿಟ್ಟು
ಸ್ಟೀಲ್ ತಟ್ಟೆಗೆ ಟಣ್ ಟಣ್ ಉದುರಿದವು
ನಲವತ್ತೊಂದು.
ಒಂದನ್ನೊಂದು ಒತ್ತಿ ಒತ್ತಿ ಮುಖ ಚಪ್ಪಟೆಯಾದವು,
ಕೊನೆಯ ಬಸ್ಸಿನಲ್ಲಿ ನಿಂತವರ ಹಾಗೆ.

ಗೋಡೆ ಆರು ಮಿಲಿಮೀಟರು. ಮೂರು ಮೀರಬಾರದಿತ್ತು.
ಕೆಂಪು ಒಳಮೈ ತುಂಬ ಹಳದಿ ಚುಕ್ಕಿ.
ಇದಕ್ಕೆ ಸ್ಟ್ರಾಬೆರಿ ಎನ್ನುತ್ತೇವೆ; ಹಣ್ಣಿನ ಹೆಸರಿಡದಿದ್ದರೆ
ನಮಗೆ ಯಾವ ಕಾಯಿಲೆಯೂ ನೆನಪುಳಿಯದೇನೋ.

ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಸೀಳಿ,
ನೇರಳೆ ಕುಡಿಸಿ, ಗುಲಾಬಿ ಕುಡಿಸಿ
ಕಣ್ಣಿಟ್ಟೆ.

ಮೊದಲ ಗಾಜು: ಉರಿದು, ಆರಿ, ಮತ್ತೆ ಉರಿದ ಊರು.
ಸ್ನಾಯುವಿನ ನಡುವೆಲ್ಲ ನಾರು, ಮಾಯ್ದ ಗಾಯದ ಮೇಲೆ ಗಾಯ.
ಎರಡನೆಯದು: ಒಳಪದರ ಗೋಡೆಯ ಸಂದಿಗಿಳಿದಿದೆ
ಕಲ್ಲಿಗೆ ಹೆದರಿ ಅವಿತ ಮಗುವಿನಂತೆ.
ಅಲ್ಲ, ಒತ್ತಡ. ಬರೀ ಒತ್ತಡ.
ವರದಿಯಲ್ಲಿ ಉಪಮೆಗೆ ಜಾಗವಿಲ್ಲ.

ಮೂರನೆಯ ಗಾಜಿಗೆ ಕುರ್ಚಿ ಹತ್ತಿರ ಎಳೆದೆ.
ಪಿತ್ತದ ಕೋಶಗಳು ಕೂರಬೇಕಾದ ಪಂಕ್ತಿಯಲ್ಲಿ
ಲೋಳೆ ತುಂಬಿದ ಬಟ್ಟಲು, ಬಟ್ಟಲು, ಬಟ್ಟಲು.
ಇದು ಕರುಳು.
ಕರುಳಿರಬಾರದ ಕಡೆ ಕರುಳು.
ಕಲ್ಲಿನ ಜೊತೆ ಬಾಳಿ ಬಾಳಿ
ತಾನು ಯಾರೆಂಬುದನ್ನೇ ಬಿಟ್ಟುಕೊಟ್ಟು
ಕರುಳೇ ಆಗಿಬಿಟ್ಟಿದೆ.
ಹೆಂಗಸರನ್ನು ಇದಕ್ಕೇ ಹೊಗಳುತ್ತಾರೆ.
ಇಲ್ಲಿ, ಮಸೂರದ ಕೆಳಗೆ, ಇದೊಂದು ಮೆಟ್ಟಿಲು;
ಮುಂದಿನ ಮೆಟ್ಟಿಲುಗಳಿಗೂ ಹೆಸರಿದೆ. ಈ ಸೀಮೆಯ ಮನೆಗಳಲ್ಲಿ
ಅವನ್ನು ಮೆಲ್ಲಗೆ ಉಚ್ಚರಿಸುತ್ತಾರೆ.

ಇನ್ನೂ ಹನ್ನೆರಡು ತುಂಡು ಕತ್ತರಿಸಿದೆ.
ಬೇಕೆಂದು ಯಾರೂ ಕೇಳಿರಲಿಲ್ಲ.
ಕ್ಯಾನ್ಸರ್ ಕಾಣಲಿಲ್ಲ, ಬರೆದೆ,
ನೋಡಿದ ಚೂರುಗಳಲ್ಲಿ.
ಆ ಕೊನೆಯ ಎರಡು ಪದ ಅಳಿಸಲು ಕೈ ಬರಲಿಲ್ಲ.

ಹತ್ತು ದಿನಕ್ಕೆ ಆಕೆಯೇ ಬಂದಳು, ಕಡಲಪಾಚಿ ಮಾರುವವಳು,
ಶಾಲಿನಲ್ಲಿ ಉಪ್ಪಿನ ವಾಸನೆ.
ವರದಿಯನ್ನು ಓದದೆ ನಾಲ್ಕಾಗಿ ಮಡಚಿದಳು.
"ನನ್ನ ಕಲ್ಲು ಕೊಡಿ."
ಯಾಕಮ್ಮ?
"ನಲವತ್ತು ವರ್ಷದಿಂದ ತಕ್ಕಡಿ ಹಿಡಿದವಳು ನಾನು.
ಎಷ್ಟು ಹೊತ್ತಿದ್ದೆ ಅಂತ ತೂಗಿ ನೋಡಬೇಡವೆ?"

ಕೊಟ್ಟೆ. ಮೆಟ್ಟಿಲು ಹತ್ತುವ ತನಕ
ಶೀಶೆ ಗಲಗಲ ಎನ್ನುತ್ತಿತ್ತು.